ಎಡ್ನಾ ಅವರ ಅಪ್ಪನ ನಿಷಾದ

ಆ ಜಾಗಕ್ಕೆ ಬಂದು ಎಡ್ನಾ ಮತ್ತೆ ತಪ್ಪಿದರು. ದೋಹಾದ ಮದೀನತ್ ಖಲೀಫಾ ಬಡಾವಣೆಯ ತಮ್ಮ ಮನೆಯ ಹಾಲಿನಲ್ಲಿ, ಸದ್ದು ಮಾಡುತ್ತದೆಂದು ಏಸಿಯನ್ನೂ ಆರಿಸಿ, ಬೆವರು ಸುರಿಸುತ್ತಾ ಡಿಡ್ಲಿ ಡಡ್ಲಿ ಎಂದು ಬಾಯಲ್ಲೇ ಹಾಡುತ್ತಿದ್ದವರು ಗಕ್ಕನೆ ನಿಂತುಬಿಟ್ಟರು. ಎದುರಿಗೆ ನೆಲದ ಮೇಲೆ, ಪಿಟೀಲಿನ ತಲೆಯನ್ನು ಪಾದಕ್ಕೆ ಊರಿ ಕೂತಿದ್ದ ದೊರೆಸ್ವಾಮಿಯ ಮುಖ ನೋಡಿದರು.

"ಈ ಸ್ವರ ನಿಮ್ಮದು ಸ್ವಾಮಿ. ನಮ್ಮಪ್ಪನದಲ್ಲ."

ತಪ್ಪು ಯಾರದೆಂದು ದೊರೆಸ್ವಾಮಿಗೆ ಚೆನ್ನಾಗಿ ಗೊತ್ತಿತ್ತು.

ಎಡ್ನಾ ಐರ್ಲೆಂಡಿನವರು, ದೊರೆಸ್ವಾಮಿಯ ಆಫೀಸಿನಲ್ಲೇ ಹಿರಿಯ ಸೆಕ್ರೆಟರಿ. ಅವರಪ್ಪ ಹಳ್ಳಿಯ ಕುಣಿತಕ್ಕೆ ಪಿಟೀಲು ನುಡಿಸುತ್ತಿದ್ದವನು, ಟೇಪ್ ರೆಕಾರ್ಡರ್ ಹಿಡಿದು ಬಂದವರನ್ನು ಬಾಗಿಲಲ್ಲೇ ಅಟ್ಟಿದ ಹಟಮಾರಿ. ಅವನು ಸತ್ತಮೇಲೆ ಅವನದೇ ಆದ ಒಂದು ಕುಣಿತದ ಮಟ್ಟು ಮಗಳ ನೆನಪಿನಲ್ಲಿ ಮಾತ್ರ ಉಳಿದಿತ್ತು. ಆ ಮಗಳಿಗೋ ಬೆರಳ ಸಂದೆಲ್ಲ ಬಿಗಿದುಹೋಗಿತ್ತು. ಟೈಪ್ ಮಾಡಲು ಎರಡು ಬೆರಳು ಸಾಕು, ಪಿಟೀಲಿಗೆ ಸಾಲದು. ಕುವೈತಿನ ಯುದ್ಧ ಮುಗಿದ ಮರುವರ್ಷ, ಮೈಸೂರಿನ ದೊರೆಸ್ವಾಮಿಗೆ ಪಿಟೀಲು ಬರುತ್ತದೆಂದು ತಿಳಿದಾಗ ಎಡ್ನಾ ಕೇಳಿದ್ದು ಇಷ್ಟೇ: ನಾನು ಬಾಯಲ್ಲಿ ಹಾಡುತ್ತೇನೆ, ನೀವು ಕಲಿಯಿರಿ, ನಾನು ಸಾಯುವುದರೊಳಗೆ ಒಮ್ಮೆ ಅದನ್ನು ತಂತಿಯ ಮೇಲೆ ಕೇಳಬೇಕು.

ದೊರೆಸ್ವಾಮಿ ಶ್ರದ್ಧೆಯಿಂದ ಕಲಿತರು. ಅದರಲ್ಲಿ ಮಾತಿಲ್ಲ. ಶುಕ್ರವಾರ ಪಾಠ, ಉಳಿದ ದಿನವೆಲ್ಲ ಆಫೀಸಿನಿಂದ ಬಂದು, ಬಿನ್ ಮಹಮೂದ್ ಬಡಾವಣೆಯ ತಮ್ಮ ಫ್ಲ್ಯಾಟಿನಲ್ಲಿ ಬನಿಯನ್ನು ತೊಟ್ಟು ಕೂತು ಒಂದು ಗಂಟೆ ಸಾಧನೆ. ಹೆಂಡತಿ ರತ್ನಪ್ರಭಾಗೆ ತಲೆ ಚಿಟ್ಟು ಹಿಡಿಯಿತು.

"ಅಲ್ಲಾರೀ, ಎದುರುಮನೆ ಮೊಯ್ದಿನ್ ಕುಂಞಿಯವರು ಇದನ್ನ ಸಿಳ್ಳೆ ಹಾಕ್ಕೊಂಡೇ ಮೆಟ್ಟಿಲು ಹತ್ತುತಾರೆ. ಅವರಿಗೇ ಬಂದಾಯ್ತು, ನಿಮಗಿನ್ನೂ ಬಂದಿಲ್ವಾ?"

ಬಂದಿತ್ತು, ಒಂದು ಸ್ವರ ಬಿಟ್ಟು. ಎರಡನೆಯ ಭಾಗದ ಕೊನೆಗೆ ಒಂದು ನಿಷಾದ ಬರುತ್ತಿತ್ತು. ನಮ್ಮ ಸಂಗೀತದ ಮೇಲಿನ ನಿಷಾದವೂ ಅಲ್ಲ, ಕೆಳಗಿನದೂ ಅಲ್ಲ; ಎರಡರ ನಡುವೆ ಎಲ್ಲೋ, ಅಲುಗಾಡದೆ ನಿಂತ ಸ್ವರ. ಹದಿನಾಲ್ಕು ವರ್ಷ ಪಾಠ ಹೇಳಿಸಿಕೊಂಡ ಕಿವಿಗೆ ಅದು ಶುದ್ಧ ಅಪಸ್ವರ. ಮುದುಕನ ಬೆರಳು ಜಾರಿರಬೇಕು, ಮಗಳು ಅದನ್ನೇ ಹಿಡಿದುಕೊಂಡಿರಬೇಕು ಎಂದು ದೊರೆಸ್ವಾಮಿ ತಾವೇ ತೀರ್ಮಾನಿಸಿ, ಸದ್ದಿಲ್ಲದೆ ಅದನ್ನು ಮೇಲಿನ ನಿಷಾದಕ್ಕೆ ತಂದು ಕೂರಿಸಿದರು. ಯಾರೂ ಕೇಳದ ಉಪಕಾರ. ಹಾಗೇ ಸಾಧನೆ ಮಾಡಿ ಮಾಡಿ, ರಜೆಗೆ ಊರಿಗೆ ಹೊರಡುವ ಮುಂಚೆ ಕ್ಯಾಸೆಟ್ಟಿಗೆ ತುಂಬಿ ಎಡ್ನಾ ಕೈಗಿಟ್ಟರು. ಎಡ್ನಾ ಕೇಳಿ ಕಣ್ಣೊರೆಸಿಕೊಂಡರು. ಒಂದು ಕಡೆ ಮಾತ್ರ ಅಪ್ಪನ ಹಾಗಿಲ್ಲ ಎಂದರು. ಬಂದಮೇಲೆ ಸರಿಮಾಡೋಣ ಬಿಡಿ ಎಂದರು ಇವರು, ಸರಿಮಾಡಲು ಏನಿದೆ ಎಂದುಕೊಳ್ಳುತ್ತಲೇ.

ಮೈಸೂರಿನಲ್ಲಿ ಹಳೆಯ ಪಿಟೀಲು ಮೇಷ್ಟ್ರ ಮುಂದೆ ಜಂಬದಿಂದ ನುಡಿಸಿದರು. ಎಂಬತ್ತು ದಾಟಿದ ಮೇಷ್ಟ್ರು ಎರಡು ಸಲ ಕೇಳಿ, ನಿಷಾದ ಬಂದ ಕಡೆ ಬೆರಳು ತೋರಿಸಿದರು.

"ಅಂಗಿಯೆಲ್ಲ ಅವರದು ಕಣೋ, ಈ ಗುಂಡಿ ಒಂದು ನಿನ್ನದು. ಯಾಕೆ ಹೊಲಿದೆ?"

ಉಳಿದ ರಜೆಯಲ್ಲಿ ದೊರೆಸ್ವಾಮಿಗೆ ಊಟ ರುಚಿಸಲಿಲ್ಲ. ದೋಹಾಕ್ಕೆ ಬಂದ ಮೊದಲ ಶುಕ್ರವಾರವೇ ಎಡ್ನಾ ಮನೆಗೆ ಓಡಿ ಬಂದು ಎಲ್ಲ ಒಪ್ಪಿಕೊಂಡರು. ಇನ್ನೊಂದೇ ಸಲ ಹಾಡಿ ಮೇಡಂ, ನೀವು ಎಲ್ಲಿ ನಿಲ್ಲಿಸುತ್ತೀರೋ ಅಲ್ಲೇ ಬೆರಳಿಡುತ್ತೇನೆ ಎಂದು ಬೇಡಿಕೊಂಡರು.

ಆದರೆ ಈ ಎರಡು ತಿಂಗಳೂ ಎಡ್ನಾ ಕಾರಿನಲ್ಲಿ ಆಫೀಸಿಗೆ ಹೋಗುತ್ತಾ ಬರುತ್ತಾ ಆ ಕ್ಯಾಸೆಟ್ಟನ್ನೇ ಹಾಕಿಕೊಂಡಿದ್ದರು. ಈಗ ಬಾಯಿ ತೆರೆದರೆ ಬರುತ್ತಿದ್ದುದು ದೊರೆಸ್ವಾಮಿಯ ನಿಷಾದ. ಮೂರು ಸಲ ಹಾಡಿದರು, ಮೂರು ಸಲವೂ ಅದೇ.

ದೊರೆಸ್ವಾಮಿ ಬೆರಳನ್ನು ಒಂದು ಕೂದಲೆಳೆ ಕೆಳಗಿಳಿಸಿ ಕಮಾನು ಎಳೆದರು. "ಇದಾ?"

"ಅಲ್ಲ."

ಇನ್ನೊಂದು ಎಳೆ. "ಇದು?"

ಎಡ್ನಾ ಕಣ್ಣು ಮುಚ್ಚಿ, ಬಿಗಿದ ಬೆರಳುಗಳನ್ನು ಮಡಿಲಲ್ಲಿ ಹೆಣೆದುಕೊಂಡು ಕೇಳಿದರು. ಇನ್ನೊಮ್ಮೆ ಎಂದರು. ಸ್ವಲ್ಪ ಮೇಲೆ ಎಂದರು. ಅಲ್ಲಲ್ಲ, ಮೊದಲಿನದೇ ಎಂದರು. ದೊರೆಸ್ವಾಮಿಯ ಅಂಗಿ ಬೆನ್ನಿಗೆ ಅಂಟಿತು. ಬೆವರಿಗೆ ಬೆರಳು ಜಾರತೊಡಗಿತು. ಆದರೂ ಕಮಾನು ನಿಲ್ಲಿಸಲಿಲ್ಲ. ಹತ್ತು ಸಲವೋ ಹನ್ನೆರಡು ಸಲವೋ ಆದಮೇಲೆ ಎಡ್ನಾ ಕಣ್ಣು ತೆರೆದು ಕೈಯೆತ್ತಿದರು.

"ಸಾಕು ಸ್ವಾಮಿ. ಈಗ ನೀವು ಯಾವುದನ್ನು ನುಡಿಸಿದರೂ ನನಗೆ ಅಪ್ಪನದು ಅದೇ ಇರಬೇಕು ಅನ್ಸುತ್ತೆ."