ಕಳಿಸಿಯಾಯ್ತು

"ಒಂದು ಹೆಸರು ಬದಲಾಯಿಸೋಕೆ ಇಷ್ಟು ರಂಪ ಯಾಕಮ್ಮಾ?" ಎಂದು ಮುಖ್ಯಸ್ಥರು ನಕ್ಕಾಗ ಅವಳ ಮೈಯೆಲ್ಲ ಉರಿದುಹೋಯಿತು. ಅವಳ ಪಕ್ಕದ ಕುರ್ಚಿಯ ಸಹೋದ್ಯೋಗಿಯನ್ನು ಕೆಲಸದಿಂದ ತೆಗೆದು ಕಿತ್ತುಕೊಂಡ ಗುರುತಿನ ಚೀಟಿಯ ದಾರ ಇನ್ನೂ ಅವರ ಬೆರಳಲ್ಲಿ ಸುತ್ತುತ್ತಿತ್ತು. ವೈರ್‌ಲೆಸ್ ಸಾಧನ ನಡೆಸುವ ಡ್ರೈವರ್ ತಂತ್ರಾಂಶದಿಂದ ಬರುವ, 'ಕಳಿಸಿಯಾಯ್ತು' ಎಂಬ ಹೆಸರಿನ ಕಾಲ್‌ಬ್ಯಾಕ್ ಸೂಚನೆಯನ್ನು ನಂಬಿ ಅವನು ಸಂದೇಶಗಳನ್ನು ಅಳಿಸಿದ್ದ. ಅವು ಹೊರಟೇ ಇರಲಿಲ್ಲ.

"ಆ ಕಾಲ್‌ಬ್ಯಾಕ್ ಯಾವಾಗ ಬರುತ್ತೆ, ನೀವೇ ಹೇಳಿ ಸಾರ್."

"ಸಂದೇಶ ಹೋದ್ಮೇಲೆ. ಇನ್ಯಾವಾಗ?"

ಅವಳು ಪರದೆಯನ್ನು ಅವರತ್ತ ತಿರುಗಿಸಿದಳು. ಸಂದೇಶ ಹೊರಡುವ ಮೊದಲೇ, ಕಳಿಸಬೇಕಾದವುಗಳ ಸರದಿಗೆ ಸೇರಿದೊಡನೆಯೇ ಅದು ಬರುತ್ತಿತ್ತು. ಆ ಕೋಡ್ ಬರೆದವರ ಜಾಗದಲ್ಲಿ ಮುಖ್ಯಸ್ಥರದೇ ಹೆಸರಿತ್ತು.

ದಾರ ಸುತ್ತುವುದು ನಿಂತಿತು.

"ಬರೆದ ನೀವೇ ಮೋಸ ಹೋದ್ರಿ" ಎನ್ನುತ್ತ ಅವಳು 'ಸರದಿಗೆ ಸೇರಿತು' ಎಂದು ಕಾಲ್‌ಬ್ಯಾಕಿನ ಹೆಸರು ತಿದ್ದಿ, ಉಳಿಸುವ ಗುಂಡಿಯನ್ನು ಗುದ್ದಿದಳು.

ಅವರು ಗುರುತಿನ ಚೀಟಿಯನ್ನು ಅವಳತ್ತ ಚಾಚಿದರು. "ಅವನಿಗೆ ಕೊಟ್ಬಿಡಮ್ಮಾ."

"ಎಲ್ಲರೆದುರು ಕಿತ್ಕೊಂಡೋರು ನೀವು. ನೀವೇ ಹೋಗಿ ಕೊಡಿ."