ದಿಲ್ಲಿಯ ಸಮುದ್ರ

“ಧುಪದಾಳ ಒಡ್ಡಿನ ಕಪ್ಪಿ ಇದು. ಒಡ್ಡಿನ ಆಚಿಕಡಿ ಏನೈತಿ ಗೊತ್ತಿಲ್ಲ, ನನಗ ದಿಲ್ಲಿ ಸುದ್ದಿ ಹೇಳಾಕ ಬಂದೈತಿ.”

ಬೆಲ್ಲದ ಬಾಗೇವಾಡಿಯ ಚಾವಡಿ ಕಟ್ಟೆಯ ಮೇಲಿದ್ದ ಇಪ್ಪತ್ತು ಮಂದಿ ಒಟ್ಟಿಗೆ ನಕ್ಕರು. ಬೈದವನು ಬೆಲ್ಲದ ವ್ಯಾಪಾರಿ ಶಿದ್ಲಿಂಗಪ್ಪ. ಬೈಸಿಕೊಂಡವನು ಅವನ ಸ್ವಂತ ಅಕ್ಕನ ಮಗ ಗುಡ್ಡಪ್ಪ, ನಾಲ್ಕನೆಯ ಇಯತ್ತೆಗೇ ಶಾಲೆಗೆ ಶರಣು ಹೊಡೆದು ಕಬ್ಬಿನ ಗಾಣದಲ್ಲಿ ಎತ್ತು ಹೊಡೆಯುತ್ತಿದ್ದವನು.

ಅವನ ತಪ್ಪು ಇಷ್ಟೇ. ಉತ್ತರದ ಊರುಗಳನ್ನೆಲ್ಲ ನೋಡಿ ಬಂದ ಶಿದ್ಲಿಂಗಪ್ಪ ಪ್ರವಾಸದ ಕಥೆ ಹೇಳುತ್ತಿದ್ದ. ಆಗ್ರಾದ ಕಲ್ಲು ಹಾಲಿನಂತೆ ಬೆಳ್ಳಗೆ ಎಂದ. ಎಲ್ಲರೂ ಹೂಂ ಎಂದರು. ಕಾಶಿಯ ಓಣಿಯಲ್ಲಿ ಮನುಷ್ಯರೇ ಹೋರಿಗೆ ದಾರಿ ಬಿಡಬೇಕು ಎಂದ, ಹೂಂ ಎಂದರು. ದಿಲ್ಲಿಯಲ್ಲಿ ಸಮುದ್ರದ ದಂಡೆಗೆ ಕುಳಿತು ಚಹಾ ಕುಡಿದೆ ಎಂದ. ಅದಕ್ಕೂ ಹೂಂ ಎಂದರು. ಗುಡ್ಡಪ್ಪ ಒಬ್ಬನೇ ತಲೆ ಎತ್ತಿದ.

“ದಿಲ್ಲ್ಯಾಗ ಸಮುದ್ರ ಇಲ್ರಿ ಮಾಮಾ.”

“ನೋಡಿ ಬಂದೀಯೇನ?”

“ನೋಡಿಲ್ರಿ. ಸಾಲ್ಯಾಗ ನಕಾಶೆ ಮುಂದ ನಿಂದ್ರಿಸಿ ಮಾಸ್ತರು ಬಡದಾರ, ಅದೊಂದ ನೆನಪೈತಿ. ಇಲ್ಲದ್ದು ಇಲ್ಲಾನ.”

ಕಪ್ಪೆಯ ಮಾತು ಬಂದದ್ದು ಆಗಲೇ.

ಬರಿಯ ನಗೆಯಾಗಿದ್ದರೆ ಗುಡ್ಡಪ್ಪ ನುಂಗಿಕೊಳ್ಳುತ್ತಿದ್ದ. ಆದರೆ ಮಾವನ ಮಗಳು ಸುಂದ್ರವ್ವ ತೊಟ್ಟಿಲಲ್ಲಿದ್ದಾಗಲೇ ಅವಳು ಇವನಿಗೆಂದು ಮಾತಾಗಿತ್ತು. ಆ ಮಾತಿಗೂ ಮಾವ ಅಲ್ಲೇ ಕೊಳ್ಳಿ ಇಟ್ಟ.

“ದೇಶ ನೋಡಿದವಗ ನನ್ನ ಮಗಳು. ದೀಪಾವಳಿ ಪಾಡ್ಯೆ ತನಕ ಹಾದಿ ನೋಡತೇನಿ. ಕಪ್ಪಿಗಿ ಒಡ್ಡು ಸಾಕು.”

ಸಂಜೆ ಬಾವಿಯ ಹತ್ತಿರ ಸುಂದ್ರವ್ವ ಕೊಡ ತುಂಬುತ್ತಿದ್ದಳು. ಇವನನ್ನು ನೋಡಿ ಸೆರಗಿನ ಮರೆಯಲ್ಲೇ ನಕ್ಕಳು.

“ಇವತ್ತ ಕಟ್ಟಿ ಮ್ಯಾಲ ಹೇಳಿದ್ದನ್ನ ಅಪ್ಪನ ಮುಂದ ಇನ್ನೊಮ್ಮಿ ಹೇಳು, ನೋಡೂನು.”

ಇವಳೂ ಚೇಷ್ಟೆ ಮಾಡುತ್ತಾಳೆ ಎಂದು ಗುಡ್ಡಪ್ಪನ ಮೈಯೆಲ್ಲ ಉರಿಯಿತು. ಮಾರನೆಯ ದಿನವೇ ಬೆಲ್ಲದ ಮಾಲಿನ ಜೊತೆ ಹೋಗುವ ಹಮಾಲರನ್ನು ಸೇರಿ ರೈಲು ಹತ್ತಿದ.

ಮಿರಜದಲ್ಲಿ ಗಾಡಿ ಬದಲಿಸಿದ. ಪುಣೆಯಲ್ಲಿ ಹಮಾಲರ ಮುಕಾದಮನ ಜೊತೆ ಪೂರಾ ವಾದ ಮಾಡಿ ಕೆಲಸ ಕಳೆದುಕೊಂಡ. ಬೊಂಬಾಯಿಯಲ್ಲಿ ಅರ್ಧ ವಾದ ಮಾಡಿ ಅರ್ಧ ಕೆಲಸ ಉಳಿಸಿಕೊಂಡ. ಅಲ್ಲಿಯ ಸಮುದ್ರಕ್ಕೆ ಕೈ ಅದ್ದಿ ನಾಲಿಗೆಗೆ ಹಚ್ಚಿ, ಇದನ್ನು ದಿಲ್ಲಿಗೆ ಹೊತ್ತುಕೊಂಡು ಹೋದ ಗಂಡಸು ಯಾರಿರಬಹುದು ಎಂದುಕೊಂಡ. ಭುಸಾವಳದ ಆಚೆ ಜೋಳದ ರೊಟ್ಟಿ ಮುಗಿದು ಗೋಧಿಯದು ಶುರುವಾಯಿತು. ಮಾತೂ ಬದಲಾಯಿತು. ಹೊಸ ಮಾತಿನಲ್ಲಿ ಗುಡ್ಡಪ್ಪ ಮೊದಲು ಕಲಿತದ್ದು ‘ಜೀ ಹಾಂ’. ಝಾಂಸಿ ಬರುವ ಹೊತ್ತಿಗೆ ಎಲ್ಲದಕ್ಕೂ ಅದನ್ನೇ ಅನ್ನುತ್ತಿದ್ದ. ಹೊಟ್ಟೆ ತುಂಬುತ್ತಿತ್ತು, ಯಾರ ಜೊತೆಗೂ ಜಗಳವಿರಲಿಲ್ಲ.

ದಿಲ್ಲಿಯಲ್ಲಿ ಎರಡು ದಿನ ಸಮುದ್ರ ಹುಡುಕಿದ. ಕೇಳಿದವರೆಲ್ಲ ಮುಖ ನೋಡಿ ನಕ್ಕರು. ಕೊನೆಗೆ ಒಬ್ಬ ಟಾಂಗಾದವನು ಯಮುನೆಯ ದಂಡೆಗೆ ತಂದು ಇಳಿಸಿ, ನಮ್ಮ ಊರಿನ ನೀರು ಇಷ್ಟೇ ಮಹಾರಾಜ ಎಂದ. ಗುಡ್ಡಪ್ಪ ಹೊಳೆಯ ಮುಂದೆ ಕುಳಿತು ಹೊಟ್ಟೆ ಹಿಡಿದುಕೊಂಡು ನಕ್ಕ. ಈಗ ನೋಡಿದ್ದಾಗಿತ್ತು. ಇನ್ನು ಮಾವನ ಬಾಯಿ ಮುಚ್ಚಿಸುವುದಷ್ಟೇ ಬಾಕಿ.

ಪಾಡ್ಯೆಯ ಹಿಂದಿನ ದಿನ ಊರು ಮುಟ್ಟಿದ. ತಾಯಿ ಬಾಳವ್ವ ರೊಟ್ಟಿ ಬಡಿಯುತ್ತಲೇ ಸುದ್ದಿ ಹೇಳಿದಳು. ಹುಕ್ಕೇರಿಯಿಂದ ಒಬ್ಬ ವರ ಬಂದಿದ್ದನಂತೆ. ದಿಲ್ಲಿಯ ಸಮುದ್ರ ನೋಡಿದೆಯಾ ಎಂದು ಮಾವ ಕೇಳಿದರೆ, ನೋಡೇನ್ರಿ, ದೋಣಿನೂ ಹತ್ತೇನ್ರಿ ಎಂದನಂತೆ. ಮೂಡಲಗಿಯ ವರನಂತೂ ನೀರು ಭಾಳ ಉಪ್ಪು ಎಂದು ಮುಖ ಕಿವುಚಿ ತೋರಿಸಿದನಂತೆ. ಇಬ್ಬರಿಗೂ ಹೋಳಿಗೆ ಊಟ.

“ಸಕ್ಕರಿ ಕೊಟ್ಟಾನೇನ?” ಗುಡ್ಡಪ್ಪ ಕೇಳಿದ. ವರನ ಕೈಗೆ ಸಕ್ಕರೆ ಇಟ್ಟರೆ ಮಾತು ಮುಗಿದಂತೆ.

“ಇನ್ನೂ ಇಲ್ಲ. ಇಬ್ಬರೊಳಗ ಯಾಂವ ಚೊಲೊ ಅಂತ ತೂಗಾಕತ್ತಿರಬೇಕು. ನಾಳೆ ನಿನ್ನೂ ಕೇಳತಾನ. ಹೂಂ ಅಂದ್ರ ಸುಂದ್ರಿ, ಊಂಹೂಂ ಅಂದ್ರ ಹಾದಿ.”

“ಅಲ್ಲಿ ಸಮುದ್ರ ಇಲ್ಲಬೇ. ನಾ ಕಣ್ಣಾರೆ ನೋಡಿ ಬಂದೇನಿ.”

“ಇದ್ರ ನಿನ್ನ ಗಂಟೇನ ಹೋಗತೈತಿ? ಆ ದಿಲ್ಲಿ ಏನ ನಿಮ್ಮಪ್ಪಂದೇನ? ಒಂದ ಸಮುದ್ರ ಇರಲಿ ಬಿಡು.”

ಪಾಡ್ಯೆಯ ದಿನ ಮಾವನ ಪಡಸಾಲೆ ತುಂಬಿತ್ತು. ಶಿದ್ಲಿಂಗಪ್ಪನ ಬಾಜೂಕ್ಕೆ ಬಟ್ಟೆ ಮುಚ್ಚಿದ ಒಂದು ಹಿತ್ತಾಳೆಯ ತಟ್ಟೆ. ಬಾಗಿಲ ಮರೆಯಲ್ಲಿ ಸುಂದ್ರವ್ವ.

“ಎಲ್ಲೆಲ್ಲಿ ಹೋಗಿದ್ಯೋ?”

ಗುಡ್ಡಪ್ಪ ಹೇಳಿದ. ಪುಣೆಯ ಮಳೆ, ಬೊಂಬಾಯಿಯ ಟ್ರಾಂ, ಭುಸಾವಳದ ಬಾಳೆಹಣ್ಣು, ಝಾಂಸಿಯ ಬಿಸಿಗಾಳಿ. ಮಾವ ಕಿವಿಗೊಟ್ಟು ಕೇಳಿದ, ತಲೆದೂಗಿದ. ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡು ಬಟ್ಟೆಯ ಚುಂಗು ಎತ್ತಿದ. ಒಳಗೆ ಸಕ್ಕರೆ.

“ಅಲ್ಲೋ, ದಿಲ್ಲ್ಯಾಗಿನ ಸಮುದ್ರ?”

ಸುಂದ್ರವ್ವ ಬಾಗಿಲು ಬಿಟ್ಟು ಒಂದು ಹೆಜ್ಜೆ ಮುಂದೆ ಬಂದಳು. ಗುಡ್ಡಪ್ಪ ಅವಳನ್ನು ನೋಡಿದ, ಸಕ್ಕರೆಯನ್ನು ನೋಡಿದ. ಗಂಟಲಿಗೆ ಬಂದ ಯಮುನೆಯನ್ನು ಹಿಂದಕ್ಕೆ ನುಂಗಿದ.

“ನೋಡಿದೆ ಮಾಮಾ. ಭಾಳ ದೊಡ್ಡದೈತ್ರಿ.”

ಈ ಸಲ ಯಾರೂ ನಗಲಿಲ್ಲ. ಸುಂದ್ರವ್ವ ಒಳಗೆ ಹೋದಳು. ಶಿದ್ಲಿಂಗಪ್ಪ ತಟ್ಟೆಯ ಮೇಲೆ ಬಟ್ಟೆಯನ್ನು ನಿಧಾನವಾಗಿ ಎಳೆದ.

“ಬಂದ ವರಗಳೆಲ್ಲಾ ಇದನ್ನ ಹೇಳಿದ್ರು. ಉಣಿಸಿ ಕಳಿಸಿದೆ. ಮಂದಿ ಮುಂದ ಬೈಸ್ಕೊಂಡ್ರೂ ಇಲ್ಲದ್ದು ಇಲ್ಲಾನ ಅಂದಾವ ಒಬ್ಬನ ಇದ್ದ. ಅವಗಂತ ಈ ಸಕ್ಕರಿ ತರಿಸಿಟ್ಕೊಂಡು ಕುಂತೇನಿ. ಅವ ಯಾವ ಟೇಶನ್ನಿನಾಗ ಇಳಿದು ಹ್ವಾದ?”

ಗುಡ್ಡಪ್ಪ ಎದ್ದು ನಡೆದ.