ಹೆಸರು ಹೇಳದ ಬೆಳಗು

ಸೂರ್ಯ ಇರುವಷ್ಟು ಹೊತ್ತು ಗಾಳಿಯಲ್ಲಿ ಬೆಳಕಿರುವಂತೆ, ದೇವರು ಹಿಡಿದಿರುವಷ್ಟು ಹೊತ್ತೇ ಜಗತ್ತು ಇರುತ್ತದೆ ಎಂದು ಸಂತ ತೋಮಾಸ್ ಅಕ್ವಿನಾಸರು ಬರೆದಿದ್ದರು. ಆ ಹಿಡಿಯುವ ಕೆಲಸದಲ್ಲಿ ಪ್ರತಿ ಮನೆಗೂ ಪಾಲು ಬಂದು ಈಗ ನಲವತ್ತು ವರ್ಷ. ದಿನಾ ಬೆಳಿಗ್ಗೆ ಮನೆಯ ಒಂದೊಂದನ್ನೂ ಹೆಸರು ಹೇಳಿ ಪ್ರಾರ್ಥಿಸಬೇಕು. ಬಿಟ್ಟುಹೋದದ್ದು ಮಧ್ಯಾಹ್ನದೊಳಗೆ ಇಲ್ಲವಾಗುತ್ತದೆ.

ಅತ್ತೆ ತಮ್ಮ ಮಗಳ ಬಾಣಂತನಕ್ಕೆ ಹೋಗಿದ್ದರಿಂದ ಅಂದು ಲೂರ್ದಮ್ಮನೇ ರಾಗವಾಗಿ ಹೇಳಿದಳು: ಬಾವಿ, ಹಸು, ಒರಳು, ಶಿಲುಬೆ, ನಮ್ಮನೆಯವರು.

ಹನ್ನೊಂದಕ್ಕೆ ಗಂಡ ಅಡುಗೆಮನೆಗೆ ಓಡಿಬಂದ. ಅವನ ಎದೆಯ ಮೂಲಕ ಗೋಡೆಯ ಕ್ಯಾಲೆಂಡರ್ ಕಾಣುತ್ತಿತ್ತು.

"ನನ್ನನ್ನೇ ಬಿಟ್ಟುಬಿಟ್ಯೇನೇ?"

"ಅಯ್ಯೋ ಸ್ವಾಮಿ! ನಮ್ಮನೆಯವರು ಅಂತ ಹೇಳಿದ್ನಲ್ರೀ!"

"ಊರಿನ ಹೆಂಗಸರೆಲ್ಲ ಹಂಗೇ ಅಂತಾರೆ. ಅವ್ವ ನನ್ನ ಹೆಸರು ಹೇಳ್ತಿದ್ಲು. ಹೇಳೇ!"

ಹೆಂಡತಿ ಹೆಸರು ಹೇಳಿದರೆ ಗಂಡನ ಆಯುಸ್ಸು ಕಡಿಮೆಯಾಗುತ್ತದೆಂದು ಅವಳಿಗೆ ತಾಯಿ ಕಲಿಸಿದ್ದಳು. ಈಗ ಅವನ ಹೊಟ್ಟೆಯಾಚೆ ಒಲೆಯ ಬೆಂಕಿಯೂ ಕಾಣತೊಡಗಿತು. ಕಣ್ಣು ಮುಚ್ಚಿ ಕಿರುಚಿದಳು.

"ಇನ್ನಾಸಪ್ಪಾ!"

ಕಣ್ಣು ತೆರೆದಾಗ ಅವನು ಮರಳಿ ಬಂದ ಕೈಗಳಿಂದ ಮುಖ ಸವರಿಕೊಳ್ಳುತ್ತ ಅವಳನ್ನೇ ನೋಡುತ್ತಿದ್ದ.

"ಇಪ್ಪತ್ತೆರಡು ವರ್ಷಕ್ಕೆ ಇದೇ ಮೊದಲು," ಎಂದ ಮೆಲ್ಲಗೆ. "ಇನ್ನೊಂದು ಸಲ ಕರಿಯೇ. ಎಡಗಾಲು ಇನ್ನೂ ಬಂದಿಲ್ಲ."